ಹೇಳಿಕೊಂಡ್ರೆ ಮನಸ್ಸು ಹಗುರ ಆಗುತ್ತಾ? ರೇಡಿಯೋಗೆ ಬರುವ ಪ್ರೀತಿ, ಜಗಳ, ಭಯದ ಫೋನ್ ಕರೆಗಳ ಹಿಂದಿನ ವಿಜ್ಞಾನ

ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಎಫ್‌ಎಂ ಹಾಕಿ ಕೂತರೆ ಇಂಥ ಮಾತುಗಳು ಕಿವಿಗೆ ಬಿದ್ದೇ ಬೀಳುತ್ತವೆ. “ಅಣ್ಣ, ನಾಲ್ಕು ವರ್ಷದಿಂದ ಲವ್ ಮಾಡ್ತಿದ್ದೀವಿ, ಮನೇಲಿ ಜಾತಿ ಬೇರೆ ಅಂತ ಒಪ್ತಿಲ್ಲ.” “ಮೇಡಂ, ನನ್ನ ಮೆಸೇಜ್‌ಗೆ ಬ್ಲೂ ಟಿಕ್ ಬರುತ್ತೆ, ರಿಪ್ಲೈ ಬರಲ್ಲ.” “ಅಕ್ಕ, ನಾಳೆ ಹುಡುಗನ ಕಡೆಯವರು ನೋಡೋಕೆ ಬರ್ತಿದ್ದಾರೆ, ಈಗಿಂದಾನೇ ಕೈಕಾಲು ನಡುಗ್ತಿದೆ.” ಆರ್‌ಜೆ ಎರಡು ಮಾತು ಸಮಾಧಾನ ಹೇಳುತ್ತಾರೆ, ಒಂದು ಹಾಡು ಹಾಕುತ್ತಾರೆ, ಜಾಹೀರಾತು ಬರುತ್ತದೆ, ಮುಂದಿನ ಕರೆ.

ಇಂಥ ಕಾರ್ಯಕ್ರಮಗಳ ತುಣುಕುಗಳು ವಾಟ್ಸಾಪ್‌ನಲ್ಲಿ ಓಡಾಡುವಾಗ ಜೊತೆಗೆ ಒಂದಷ್ಟು ‘ಸೈಕಾಲಜಿ ಫ್ಯಾಕ್ಟ್’ಗಳೂ ಬರುತ್ತವೆ. ಮನಸ್ಸು ಪ್ರೆಶರ್ ಕುಕ್ಕರ್ ಇದ್ದ ಹಾಗೆ, ಒಳಗಿರುವುದನ್ನೆಲ್ಲ ಹೊರಹಾಕದಿದ್ದರೆ ಸಿಡಿಯುತ್ತದೆ. ಮಾತಿನಲ್ಲಿ ಪದಗಳ ಪಾಲು ಬರೀ 7 ಪರ್ಸೆಂಟ್. ದನಿ ನಡುಗಿದರೆ ಸುಳ್ಳು ಹೇಳುತ್ತಿದ್ದಾರೆ ಎಂದರ್ಥ. ಇವುಗಳಲ್ಲಿ ಎಷ್ಟು ನಿಜ? ಸಂಶೋಧನೆಗಳು ಹೇಳುವುದನ್ನು ಒಂದೊಂದಾಗಿ ನೋಡೋಣ. ಮೊದಲ ಫಾರ್ವರ್ಡ್‌ನ ಬಗ್ಗೆಯೇ ನಮಗೆ ಹೆಚ್ಚು ತಕರಾರಿರುವುದರಿಂದ ಅದಕ್ಕೆ ಜಾಗವೂ ಹೆಚ್ಚು ಬೇಕು.

ಮನೆಯವರಿಗೆ ಹೇಳದ್ದನ್ನು ಊರಿಗೆಲ್ಲ ಕೇಳುವಂತೆ ಹೇಳುವುದೇಕೆ?

ಅಕ್ಕನಿಗೂ ಹೇಳದ ಗುಟ್ಟನ್ನು ರೇಡಿಯೋದಲ್ಲಿ ಹೇಳುವುದು ಮೇಲ್ನೋಟಕ್ಕೆ ವಿಚಿತ್ರ. ಆದರೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾತ್ರಿ ಬಸ್ಸಿನಲ್ಲಿ ಹೋದವರಿಗೆ ಇದು ಗೊತ್ತಿರುವ ಸಂಗತಿಯೇ. ಪಕ್ಕದ ಸೀಟಿನವರು ತುಮಕೂರು ಬರುವಷ್ಟರಲ್ಲಿ ಹೆಸರು ಹೇಳುತ್ತಾರೆ, ಚಿತ್ರದುರ್ಗ ದಾಟುವಷ್ಟರಲ್ಲಿ ಮಗಳ ಮದುವೆ ಮುರಿದ ಕಥೆ ಪೂರ್ತಿ ಹೇಳಿ ಮುಗಿಸಿರುತ್ತಾರೆ. ಬೆಳಿಗ್ಗೆ ಇಳಿದರೆ ಅವರು ಯಾರೋ, ನಾವು ಯಾರೋ.

ಜರ್ಮನಿಯ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಸಿಮೆಲ್ 1908ರಲ್ಲೇ ಇದನ್ನು ಗುರುತಿಸಿದ್ದರು. ಹತ್ತಿರದವರಿಂದ ಬಚ್ಚಿಡುವ ಮಾತನ್ನು ಜನ ಹೊರಗಿನವನ ಮುಂದೆ ತೆರೆದಿಡುತ್ತಾರೆ, ಏಕೆಂದರೆ ಅವನಿಗೆ ಈ ಕಥೆಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಮೆರಿಕದ ಮನೋವಿಜ್ಞಾನಿ ಝಿಕ್ ರೂಬಿನ್ 1970ರ ದಶಕದಲ್ಲಿ ಇದಕ್ಕೆ ‘ರೈಲಿನಲ್ಲಿ ಸಿಕ್ಕ ಅಪರಿಚಿತ’ ಎಂಬ ಅರ್ಥದ ಹೆಸರು ಕೊಟ್ಟರು. ಎದುರಿನವರು ತಮ್ಮ ಬಗ್ಗೆ ಎಷ್ಟು ಬಿಚ್ಚಿಕೊಳ್ಳುತ್ತಾರೋ ನಾವೂ ಹೆಚ್ಚುಕಡಿಮೆ ಅಷ್ಟೇ ಬಿಚ್ಚಿಕೊಳ್ಳುತ್ತೇವೆ ಎಂಬುದನ್ನು ಅವರ ಪ್ರಯೋಗಗಳು ತೋರಿಸಿದವು. ಆರ್‌ಜೆಗಳು ಆಗಾಗ ತಮ್ಮದೇ ಸ್ಕೂಲು, ಮೊದಲ ಕ್ರಷ್, ಅಮ್ಮನ ಬೈಗುಳದ ಕಥೆ ಹೇಳುತ್ತಿರುತ್ತಾರಲ್ಲ, ಅದು ಈ ಕೆಲಸವನ್ನೂ ಮಾಡುತ್ತದೆ.

ಇನ್ನೊಂದು ಕಾರಣ, ಆರ್‌ಜೆ ಕೇಳುಗರಿಗೆ ಪೂರ್ತಿ ಅಪರಿಚಿತರೂ ಅಲ್ಲ. ದಿನಾ ಅದೇ ಹೊತ್ತಿಗೆ ಅದೇ ದನಿ ಕೇಳಿ ಕೇಳಿ ಅವರು ಪರಿಚಯದವರು ಅನ್ನಿಸಿಬಿಡುತ್ತದೆ. ರೇಡಿಯೋ, ಟಿವಿಯ ನಿರೂಪಕರ ಜೊತೆ ಹುಟ್ಟುವ ಈ ಒಂದು ಕಡೆಯ ಆಪ್ತತೆಯನ್ನು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಸಂಶೋಧಕರು 1956ರಲ್ಲೇ ವಿವರಿಸಿದ್ದರು. ಪರಿಚಯದವರ ಸಲುಗೆ ಇದೆ, ಅಪರಿಚಿತರ ಸುರಕ್ಷತೆಯೂ ಇದೆ. ಇವೆರಡೂ ಒಟ್ಟಿಗೆ ಸಿಗುವ ಜಾಗ ನಮ್ಮ ಬದುಕಿನಲ್ಲಿ ಬೇರೆ ಎಲ್ಲಿದೆ ಹೇಳಿ?

ನ್ಯೂಯಾರ್ಕಿನಲ್ಲಿ 1980ರಲ್ಲಿ ಡಾ. ರೂತ್ ವೆಸ್ಟ್‌ಹೈಮರ್ ಅವರ ರೇಡಿಯೋ ಕಾರ್ಯಕ್ರಮ ಶುರುವಾದಾಗ ಅದಕ್ಕೆ ಸಿಕ್ಕಿದ್ದು ಭಾನುವಾರ ನಡುರಾತ್ರಿ ದಾಟಿದ ಮೇಲಿನ 15 ನಿಮಿಷ. ನಾಜಿಗಳಿಂದ ತಪ್ಪಿಸಿಕೊಂಡು ಬಾಲ್ಯದಲ್ಲೇ ಜರ್ಮನಿ ಬಿಟ್ಟಿದ್ದ ಆಕೆಯ ಇಂಗ್ಲಿಷಿನಲ್ಲಿ ಜರ್ಮನ್ ಛಾಯೆ ಎದ್ದು ಕಾಣುತ್ತಿತ್ತು. ಲೈಂಗಿಕತೆ, ಸಂಬಂಧಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡುತ್ತಿದ್ದ ಆ ದನಿಗೆ ಜನ ಎಷ್ಟು ಹೊಂದಿಕೊಂಡರೆಂದರೆ ಮುಂದೆ ಕಾರ್ಯಕ್ರಮವನ್ನು ಕರೆಗಳನ್ನೂ ಸೇರಿಸಿಕೊಂಡು ದೊಡ್ಡದು ಮಾಡಬೇಕಾಯಿತು. ಅಂದಹಾಗೆ, ರೇಡಿಯೋಗೂ ಮನೋವಿಜ್ಞಾನಕ್ಕೂ ನಮ್ಮಲ್ಲೂ ಒಂದು ಹಳೆಯ ನಂಟಿದೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ಶುರುಮಾಡಿದ ಡಾ. ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರು. ‘ಆಕಾಶವಾಣಿ’ ಎಂಬ ಹೆಸರು ಬಂದಿದ್ದೂ ಆ ಕೇಂದ್ರದಿಂದಲೇ.

‘ಪದಗಳ ಪಾಲು 7 ಪರ್ಸೆಂಟ್’ ಅನ್ನುವುದು ನಿಜವಾ?

ಇಲ್ಲ. ಇದು ನಿಜವಾಗಿದ್ದರೆ ಭಾಷೆ ಬಾರದ ಊರಿನ ರೇಡಿಯೋ ಕೇಳಿದರೂ ನಮಗೆ ಮುಕ್ಕಾಲು ಪಾಲು ಅರ್ಥವಾಗಬೇಕಿತ್ತು.

ಈ ಲೆಕ್ಕ ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನೋವಿಜ್ಞಾನಿ 1967ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳಿಂದ ಬಂದಿದ್ದು. ಅಲ್ಲಿ ಪರೀಕ್ಷಿಸಿದ್ದು ಒಂಟಿ ಪದಗಳನ್ನು. ಪದದ ಅರ್ಥ ಒಂದಾಗಿದ್ದು, ಹೇಳುವ ದನಿ ಅಥವಾ ಮುಖಭಾವ ಇನ್ನೊಂದಾಗಿದ್ದರೆ, ಹೇಳಿದವರಿಗೆ ನಮ್ಮ ಮೇಲೆ ಇಷ್ಟವಿದೆಯೋ ಇಲ್ಲವೋ ಎಂದು ಜನ ಯಾವುದನ್ನು ನೋಡಿ ತೀರ್ಮಾನಿಸುತ್ತಾರೆ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಹೆಂಡತಿ “ಏನಿಲ್ಲ ಬಿಡಿ” ಅಂದಾಗ ಗಂಡ ದನಿ ಕೇಳಿ ಗಾಬರಿಯಾಗುತ್ತಾನಲ್ಲ, ಅಂಥ ಸಂದರ್ಭಕ್ಕೆ ಮಾತ್ರ ಆ ಲೆಕ್ಕ. ಎಲ್ಲ ಮಾತುಕತೆಗೂ ಇದು ಅನ್ವಯಿಸುವುದಿಲ್ಲ ಎಂದು ಮೆಹ್ರಾಬಿಯನ್ ಅವರೇ ಹೇಳಿದ್ದಾರೆ.

ಮುಖ ಕಾಣದಿದ್ದರೆ ಭಾವನೆ ಅರ್ಥವಾಗುವುದಿಲ್ಲ ಎಂಬುದೂ ಅಷ್ಟು ಸರಿಯಲ್ಲ. ಯೇಲ್ ವಿಶ್ವವಿದ್ಯಾಲಯದ ಮೈಕೆಲ್ ಕ್ರಾಸ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದನಿ ಮಾತ್ರ ಕೇಳಿದವರು ಎದುರಿನವರ ಭಾವನೆಯನ್ನು ಮುಖ ಮತ್ತು ದನಿ ಎರಡೂ ಸಿಕ್ಕವರಿಗಿಂತ ಹೆಚ್ಚು ಸರಿಯಾಗಿ ಗುರುತಿಸಿದರು. ಮುಖದಲ್ಲಿ ನಗು ಅಂಟಿಸಿಕೊಳ್ಳುವುದು ನಮಗೆಲ್ಲ ರೂಢಿ, ದನಿಯನ್ನು ಅಷ್ಟು ಸುಲಭವಾಗಿ ಬಚ್ಚಿಡಲಾಗುವುದಿಲ್ಲ. ರಾತ್ರಿ ರೇಡಿಯೋ ಕೇಳುತ್ತಾ ಮಲಗಿದವರಿಗೆ ಯಾರೋ ಗುರುತಿಲ್ಲದ ಹುಡುಗಿಯ ಅಳುವಿಗೆ ಗಂಟಲು ಕಟ್ಟುವುದರಲ್ಲಿ ಆಶ್ಚರ್ಯವೇನಿಲ್ಲ.

ಮನಸ್ಸು ಪ್ರೆಶರ್ ಕುಕ್ಕರ್ ಅಲ್ಲ

ಕುಕ್ಕರ್‌ನ ಹೋಲಿಕೆ ಕೇಳಲು ಚೆನ್ನಾಗಿದೆ. ವಿಷಲ್ ಹೊಡೆದರೆ ಆವಿ ಹೋಗುತ್ತದೆ, ಒತ್ತಡ ಇಳಿಯುತ್ತದೆ. ಕೋಪವೂ ಹಾಗೇ, ಕಿರುಚಿ, ಬೈದು, ದಿಂಬಿಗೆ ಗುದ್ದಿ ಹೊರಹಾಕಿಬಿಡಿ ಅನ್ನುತ್ತವೆ ಫಾರ್ವರ್ಡ್‌ಗಳು.

ಬ್ರಾಡ್ ಬುಶ್‌ಮನ್ ಇದನ್ನೇ ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇಕೆಂದೇ ಕೋಪ ಬರಿಸಿದ ಕಾಲೇಜು ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ, ಕೋಪ ಬರಿಸಿದವರನ್ನು ನೆನೆಯುತ್ತಾ ಬಾಕ್ಸಿಂಗ್ ಬ್ಯಾಗಿಗೆ ಗುದ್ದಲು ಹೇಳಿದರು. ಇನ್ನೊಂದು ಗುಂಪು ಗುದ್ದುವಾಗ ವ್ಯಾಯಾಮದ ಬಗ್ಗೆ ಯೋಚಿಸಬೇಕಿತ್ತು. ಮೂರನೆಯದು ಸುಮ್ಮನೆ ಕೂತಿತ್ತು. ಎಲ್ಲರಿಗಿಂತ ಹೆಚ್ಚು ಕೋಪ ಉಳಿದದ್ದು ಮೊದಲ ಗುಂಪಿನಲ್ಲಿ. 2024ರಲ್ಲಿ ಇದೇ ಬುಶ್‌ಮನ್ ಮತ್ತು ಸೋಫಿ ಕ್ಯಾರ್ವಿಕ್ 154 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಉತ್ತರ ಬದಲಾಗಲಿಲ್ಲ. ಉಸಿರಾಟ, ಧ್ಯಾನ, ಯೋಗದಂಥ ಮೈಯ ಬಿಸಿ ಇಳಿಸುವ ಕೆಲಸಗಳಿಂದ ಕೋಪ ಕಡಿಮೆಯಾಗುತ್ತದೆ, ಕೋಪವನ್ನು ‘ಹೊರಹಾಕುವುದರಿಂದ’ ಆಗುವುದಿಲ್ಲ.

ಹಾಗಾದರೆ ಬಾಯಿ ಮುಚ್ಚಿಕೊಂಡು ಇರಬೇಕಾ? ಅದೂ ಅಲ್ಲ. ಹೇಳಿಕೊಳ್ಳುವುದರಲ್ಲಿ ಎರಡು ಬಗೆ ಇದೆ, ಗೊಂದಲ ಹುಟ್ಟುವುದು ಅವೆರಡನ್ನೂ ಒಂದೇ ಎಂದುಕೊಂಡಾಗ.

ಜೇಮ್ಸ್ ಪೆನ್ನಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ಬದುಕಿನ ಅತ್ಯಂತ ನೋವಿನ ಘಟನೆಯ ಬಗ್ಗೆ ಬರೆದರು. ಬರೆದ ಹೊತ್ತಿಗೆ ಅವರಿಗೆ ಹಗುರವಾಗಲಿಲ್ಲ, ಇನ್ನಷ್ಟು ಬೇಜಾರಾಯಿತು. ಆದರೆ ನಡೆದದ್ದನ್ನೂ ಅನ್ನಿಸಿದ್ದನ್ನೂ ಜೋಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕ್ಯಾಂಪಸ್ಸಿನ ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಡಿಮೆ. ಆಮೇಲೆ ನಡೆದ ನೂರಾರು ಅಧ್ಯಯನಗಳಲ್ಲಿ ಈ ಲಾಭ ಚಿಕ್ಕದು ಎಂದು ಕಂಡಿದೆ. ಚಿಕ್ಕದಾದರೂ ಅದು ಸಿಗುವುದು, ಹೇಳುತ್ತಾ ಹೇಳುತ್ತಾ ಘಟನೆಗೆ ಒಂದು ಅರ್ಥ ಹುಡುಕಿಕೊಂಡವರಿಗೆ. “ಅವನು ಮೋಸ ಮಾಡ್ದ” ಅಂತ ಶುರುವಾದ ಮಾತು “ನಾನು ಅವನನ್ನ ಕೇಳಬೇಕಾದ್ದನ್ನ ಕೇಳ್ಲೇ ಇಲ್ಲ” ಎಂಬಲ್ಲಿಗೆ ಬಂದು ನಿಂತರೆ ಏನೋ ಸರಿದಿದೆ ಎಂದರ್ಥ.

ಇದಕ್ಕೆ ವಿರುದ್ಧವಾದದ್ದು, ಒಂದೇ ಗಾಯವನ್ನು ಮತ್ತೆ ಮತ್ತೆ ಕೆರೆದುಕೊಳ್ಳುವುದು. ಇಬ್ಬರು ಗೆಳತಿಯರು ಸೇರಿ ಅದೇ ಬ್ಲೂ ಟಿಕ್‌ನ ಬಗ್ಗೆ ವಾರಗಟ್ಟಲೆ ಚರ್ಚಿಸುವುದು, ಸ್ಕ್ರೀನ್‌ಶಾಟ್ ಜೂಮ್ ಮಾಡಿ ಅರ್ಥ ಹುಡುಕುವುದು. ಅಮಾಂಡಾ ರೋಸ್ 2002ರಲ್ಲಿ ಶಾಲಾ ಮಕ್ಕಳ ಮೇಲೆ ಮಾಡಿದ ಅಧ್ಯಯನದಲ್ಲಿ, ಹೀಗೆ ಸಮಸ್ಯೆಯನ್ನೇ ಒಟ್ಟಿಗೆ ಮೆಲುಕು ಹಾಕುವ ಸ್ನೇಹಗಳು ಹೆಚ್ಚು ಗಾಢವಾಗಿದ್ದವು, ಅದೇ ಮಕ್ಕಳಲ್ಲಿ ಆತಂಕ ಮತ್ತು ಖಿನ್ನತೆಯ ಲಕ್ಷಣಗಳೂ ಹೆಚ್ಚಿದ್ದವು. ಸ್ನೇಹ ಗಟ್ಟಿಯಾಗುವುದರಿಂದಲೇ ಇದು ಹಾನಿ ಎಂದು ನಮಗೆ ತೋಚುವುದೂ ಇಲ್ಲ.

ರೇಡಿಯೋ ಕರೆಗೆ ಇಲ್ಲೊಂದು ಅನುಕೂಲವಿದೆ ಎಂದೇ ನಮ್ಮ ಅಭಿಪ್ರಾಯ. ಮೂರು ನಿಮಿಷದಲ್ಲಿ ಹೇಳಿ ಮುಗಿಸಬೇಕು ಅಂದಾಗ ಕಥೆಗೆ ತಲೆ, ಬಾಲ ತಾನಾಗಿ ಹುಟ್ಟುತ್ತದೆ. ಎಲ್ಲಿಂದ ಶುರು ಮಾಡಲಿ, ನಿಜವಾದ ಪ್ರಶ್ನೆ ಯಾವುದು ಎಂದು ಲೈನಿನಲ್ಲಿ ಕಾಯುತ್ತಲೇ ಯೋಚಿಸಬೇಕಾಗುತ್ತದೆ. ಎಷ್ಟೋ ಸಲ ಆರ್‌ಜೆಯ ಉತ್ತರಕ್ಕಿಂತ ಈ ತಯಾರಿಯೇ ಕೆಲಸ ಮಾಡಿರುತ್ತದೆ.

“ಇದು ನನ್ನ ಫ್ರೆಂಡ್ ಕಥೆ ಸರ್”

ಹೀಗೆ ಶುರುವಾಗುವ ಕರೆಗಳನ್ನು ಕೇಳಿ ನಾವೆಲ್ಲ ನಗುತ್ತೇವೆ. ಆದರೆ ಆ ಕಳ್ಳದಾರಿಯಲ್ಲಿ ಒಂದು ಜಾಣತನವಿದೆ.

ಇಗೋರ್ ಗ್ರಾಸ್‌ಮನ್ ಮತ್ತು ಈಥನ್ ಕ್ರಾಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಬಂಧದಲ್ಲಿದ್ದವರಿಗೆ ಒಂದು ಸನ್ನಿವೇಶ ಊಹಿಸಿಕೊಳ್ಳಲು ಹೇಳಿದರು. ಕೆಲವರಿಗೆ ತಮ್ಮ ಸಂಗಾತಿ ಮೋಸ ಮಾಡಿದಂತೆ, ಉಳಿದವರಿಗೆ ಗೆಳೆಯನ ಸಂಗಾತಿ ಮೋಸ ಮಾಡಿದಂತೆ. ಗೆಳೆಯನ ವಿಷಯಕ್ಕೆ ಬಂದಾಗ ಜನ ಎರಡೂ ಕಡೆ ನೋಡಿದರು, ತಮಗೆ ಗೊತ್ತಿಲ್ಲದ್ದು ಇರಬಹುದು ಎಂದು ಒಪ್ಪಿದರು, ರಾಜಿಯ ದಾರಿ ಹುಡುಕಿದರು. ತಮ್ಮದೇ ವಿಷಯಕ್ಕೆ ಆ ವಿವೇಕ ಕುಸಿಯಿತು. ಊರಿಗೆಲ್ಲ ಬುದ್ಧಿ ಹೇಳಿ ತನ್ನ ಮನೆ ನೋಡಿಕೊಳ್ಳದ ಬೈಬಲ್ಲಿನ ರಾಜನ ಹೆಸರಿನಲ್ಲಿ ಇದನ್ನು ‘ಸೊಲೊಮನ್ ವಿರೋಧಾಭಾಸ’ ಎಂದು ಕರೆದರು. ಸ್ವಾರಸ್ಯ ಮುಂದಿದೆ. ತಮ್ಮ ಸಮಸ್ಯೆಯನ್ನೇ ಬೇರೆಯವರದ್ದು ಎಂಬಂತೆ, ‘ನಾನು’ ಬಿಟ್ಟು ‘ಅವನು’, ‘ಅವಳು’ ಎಂದು ಯೋಚಿಸಿದವರಲ್ಲಿ ಆ ಅಂತರ ಮಾಯವಾಯಿತು.

ಅಂದರೆ ‘ಫ್ರೆಂಡ್ ಕಥೆ’ ಹೇಳುವ ಹುಡುಗ ನಾಚಿಕೆಗಾಗಿ ಮಾಡಿದ ಉಪಾಯ ಅವನಿಗೇ ತನ್ನ ಕಥೆಯನ್ನು ಹೊರಗಿನಿಂದ ತೋರಿಸುತ್ತದೆ. ರೇಡಿಯೋಗೆ ಫೋನ್ ಮಾಡದೆಯೂ ಇದನ್ನು ಮಾಡಬಹುದು. ನಿಮ್ಮ ಸಮಸ್ಯೆಯನ್ನು ಗೆಳತಿಯೊಬ್ಬಳು ನಿಮಗೆ ಕಳಿಸಿದ ವಾಯ್ಸ್ ನೋಟ್ ಎಂಬಂತೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕೇಳಿಸಿಕೊಂಡು, ಉತ್ತರ ಬರೆಯಿರಿ. ಆಮೇಲೆ ಡಿಲೀಟ್ ಮಾಡಿ, ಗ್ರೂಪಿಗೆ ಹೋಗಿಬಿಟ್ಟೀತು.

ಲೈನಿನಲ್ಲಿ ಕಾಯುವಾಗ ಎದೆ ಢವಢವ

“ಹಲೋ... ಮಾತಾಡ್ಬೋದಾ?” ಎನ್ನುವಾಗ ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ. ಇದೆಲ್ಲ ಅಡ್ರಿನಲಿನ್ ಮತ್ತು ಅದರ ಜೊತೆಗಿನ ನರವ್ಯೂಹದ ಕೆಲಸ. ಅಪಾಯ ಎದುರಿಸಲು ದೇಹ ಸಜ್ಜಾಗುವಾಗ ರಕ್ತ ಸ್ನಾಯುಗಳ ಕಡೆ ಹರಿಯುತ್ತದೆ, ಜೀರ್ಣಕ್ರಿಯೆಗೆ ರಜೆ ಸಿಗುತ್ತದೆ, ನೀರಾದ ಜೊಲ್ಲು ಕಡಿಮೆಯಾಗುತ್ತದೆ. ಗಂಟಲಿನ ಸ್ನಾಯು ಬಿಗಿಯಾದಾಗ ದನಿ ನಡುಗುತ್ತದೆ. ಇದರಿಂದ ಸುಳ್ಳು ಹಿಡಿಯಲಾಗುವುದಿಲ್ಲ. ನಿಜ ಹೇಳುವವರ ದನಿಯೂ ನಡುಗುತ್ತದೆ, ಚೆನ್ನಾಗಿ ಪಳಗಿದ ಸುಳ್ಳುಗಾರನ ದನಿ ನಡುಗದೇ ಇರಬಹುದು.

ನಮ್ಮ ನಡುಕ ಎಲ್ಲರಿಗೂ ಗೊತ್ತಾಗುತ್ತಿದೆ ಎಂಬ ಭಯವೂ ಬಹುಪಾಲು ಭ್ರಮೆ. ಕೆನೆತ್ ಸವಿಟ್‌ಸ್ಕಿ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ತೋರಿಸಿದಂತೆ, ಭಾಷಣ ಮಾಡುವವರು ಅಂದುಕೊಂಡಷ್ಟು ಅವರ ಅಳುಕು ಕೇಳುವವರಿಗೆ ಕಾಣುವುದಿಲ್ಲ. ಈ ವಿಷಯ ಮೊದಲೇ ತಿಳಿದಿದ್ದವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. “ಟೆನ್ಶನ್ ಮಾಡ್ಕೋಬೇಡ” ಎನ್ನುವುದಕ್ಕಿಂತ “ನಿನ್ನ ಟೆನ್ಶನ್ ಅವರಿಗೆ ಕಾಣಿಸಲ್ಲ ಕಣೋ” ಎನ್ನುವುದು ವಾಸಿ. ನಾಳೆ ಇಂಟರ್‌ವ್ಯೂ ಇರುವ ತಮ್ಮನಿಗೂ, ಹುಡುಗನ ಕಡೆಯವರಿಗೆ ಕಾಫಿ ಕೊಡಬೇಕಾದ ತಂಗಿಗೂ ಇದೇ ಮಾತು. ಅಲಿಸನ್ ವುಡ್ ಬ್ರೂಕ್ಸ್ ಅವರ 2014ರ ಪ್ರಯೋಗಗಳಲ್ಲಿ, ಹಾಡುವ ಅಥವಾ ಭಾಷಣ ಮಾಡುವ ಮೊದಲು ಶಾಂತವಾಗಿರಲು ಯತ್ನಿಸಿದವರಿಗಿಂತ, ಅದೇ ಢವಢವವನ್ನು ಹುರುಪು ಎಂದು ಕರೆದುಕೊಂಡವರು ಚೆನ್ನಾಗಿ ಮಾಡಿದರು.

ಮೂರು ನಿಮಿಷದಲ್ಲಿ ತೀರ್ಪು ಕೊಡಲಾಗುವುದಿಲ್ಲ

ಆರ್‌ಜೆ ಕೇಳುವುದು ಒಂದು ಕಡೆಯ ಕಥೆ. ದಂಪತಿಗಳ ಮಾತುಕತೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್ ಅವರ ಲೆಕ್ಕದಲ್ಲಿ ದಾಂಪತ್ಯದ ಜಗಳಗಳಲ್ಲಿ ಶೇ. 69ರಷ್ಟು ಎಂದೂ ಪೂರ್ತಿ ಬಗೆಹರಿಯದವು. ಅವಳಿಗೆ ಉಳಿತಾಯ ಮುಖ್ಯ, ಅವನಿಗೆ ತಿರುಗಾಟ. ಅವನಿಗೆ ಅಮ್ಮನ ಮನೆ ಹತ್ತಿರವಿರಬೇಕು, ಅವಳಿಗೆ ಬೇಡ. ಇವುಗಳ ಜೊತೆ ಬಾಳುವುದನ್ನು ಕಲಿಯುವ ಜೋಡಿಗಳು ಉಳಿಯುತ್ತವೆ. ಇಂಥ ವಿಷಯಕ್ಕೆ “ಬಿಟ್ಟುಬಿಡು ಅವನನ್ನ” ಎಂಬ ದಿಢೀರ್ ಸಲಹೆ ಕೇಳಲು ಖಡಕ್ಕಾಗಿರುತ್ತದೆ, ಅಷ್ಟೇ.

ಅದರ ಎದುರಿನ ತಪ್ಪು ಇನ್ನೂ ದುಬಾರಿ. ಹೊಡೆತ, ಬೆದರಿಕೆ, ಹಣ ಕಿತ್ತುಕೊಳ್ಳುವುದು ಇವೆಲ್ಲ ‘ಬಗೆಹರಿಯದ ಜಗಳ’ದ ಪಟ್ಟಿಯಲ್ಲಿ ಬರುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ದೇಶದಲ್ಲಿ ಹಿಂಸೆಗೆ ಒಳಗಾದ ಮಹಿಳೆಯರಲ್ಲಿ ಅದನ್ನು ನಿಲ್ಲಿಸಲು ನೆರವು ಕೇಳಿದವರು ಶೇ. 14 ಮಾತ್ರ. ಹಾಗಿರುವಾಗ ಒಬ್ಬಳು ಧೈರ್ಯ ಮಾಡಿ “ಕುಡಿದು ಬಂದು ಹೊಡೀತಾರೆ ಅಕ್ಕ” ಅಂದರೆ, ಅವಳು ಇದನ್ನು ಬಾಯಿಬಿಟ್ಟು ಹೇಳುತ್ತಿರುವುದು ಇದೇ ಮೊದಲ ಸಲ ಇರಬಹುದು. “ಸ್ವಲ್ಪ ಅಡ್ಜಸ್ಟ್ ಮಾಡ್ಕೋಮ್ಮ, ಎಲ್ಲ ಸರಿಹೋಗುತ್ತೆ” ಎಂಬ ಉತ್ತರ ಅವಳ ಬಾಯಿಯನ್ನು ಮತ್ತೆ ಮುಚ್ಚಿಸಿಬಿಡುತ್ತದೆ, ಅದನ್ನು ಹೇಳಿದ್ದು ಆರ್‌ಜೆಯಾದರೂ ಸರಿ, ಚಿಕ್ಕಮ್ಮನಾದರೂ ಸರಿ. 2005ರ ಕೌಟುಂಬಿಕ ಹಿಂಸೆ ತಡೆ ಕಾನೂನಿನ ಅಡಿಯಲ್ಲಿ ಮೈಮೇಲಿನ ಹೊಡೆತದ ಜೊತೆಗೆ ಮಾತಿನ ಹಿಂಸೆ, ಮಾನಸಿಕ ಹಿಂಸೆ, ಹಣಕಾಸಿನ ಕಿರುಕುಳವೂ ಹಿಂಸೆಯೇ. ಮಹಿಳಾ ಸಹಾಯವಾಣಿ 181, ತುರ್ತು ಇದ್ದರೆ 112.

ಇಂಥ ಕರೆಗಳ ಕ್ಲಿಪ್ ನಿಮ್ಮ ಗ್ರೂಪಿಗೂ ಬಂದಿರಬಹುದು, ‘ಪಾಪ ನೋಡಿ’ ಎಂಬ ಒಕ್ಕಣೆಯೊಂದಿಗೆ. ಹೆಸರು ಹೇಳದಿದ್ದರೂ ಊರಿನ ಹೆಸರು, ಮಕ್ಕಳ ವಯಸ್ಸು, ದನಿ ಇವಿಷ್ಟೇ ಸಾಕು ಓಣಿಯವರು ಗುರುತು ಹಿಡಿಯಲು. ಗಾಳಿಯಲ್ಲಿ ಒಮ್ಮೆ ಬಂದು ಹೋಗುತ್ತಿದ್ದ ಮಾತು ಕ್ಲಿಪ್ ಆದಾಗ ಅಪರಿಚಿತರ ಸುರಕ್ಷತೆ ಮುಗಿಯಿತು, ಅದು ಗಂಡನ ಫೋನಿಗೂ ತಲುಪುತ್ತದೆ.

ಕೇಳುವವರ ಪಾಲಿಗೆ ಸಲಹೆಗಿಂತ ಕಿವಿ ದೊಡ್ಡದು ಎಂದು ತೋರಿಸಿದ ಒಂದು ಹಳೆಯ ಉದಾಹರಣೆಯಿದೆ. ಲಂಡನ್ನಿನ ಪಾದ್ರಿ ಚಾಡ್ ವಾರಾ 1953ರಲ್ಲಿ ಆತ್ಮಹತ್ಯೆಯ ಯೋಚನೆಯಲ್ಲಿದ್ದವರಿಗಾಗಿ ಒಂದು ಫೋನ್ ಸೇವೆ ಆರಂಭಿಸಿದರು. ಅವರನ್ನು ಭೇಟಿಯಾಗಲು ಬಂದು ಕಾಯುತ್ತಿದ್ದವರಿಗೆ ಸ್ವಯಂಸೇವಕರು ಟೀ ಕೊಟ್ಟು ಮಾತಾಡಿಸುತ್ತಿದ್ದರು. ಎಷ್ಟೋ ಜನ ಅಷ್ಟರಲ್ಲೇ ಸಮಾಧಾನಗೊಂಡು ಪಾದ್ರಿಯನ್ನು ನೋಡದೆಯೇ ಹೊರಟುಹೋಗುತ್ತಿದ್ದರು. ಇದನ್ನು ಗಮನಿಸಿದ ವಾರಾ ಮರುವರ್ಷವೇ ಫೋನನ್ನು ಆ ಸ್ವಯಂಸೇವಕರ ಕೈಗೆ ಒಪ್ಪಿಸಿದರು. ಇಂದಿನ ಸಮಾರಿಟನ್ಸ್ ಸಂಸ್ಥೆ ಅದೇ.

ನಮ್ಮಲ್ಲಿ ಇದಕ್ಕಾಗಿ 2022ರ ಅಕ್ಟೋಬರ್ 10ರಿಂದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡುತ್ತಾರೆ, ಬೇಕಾದರೆ ಮನೋವೈದ್ಯರಿಗೆ ಸಂಪರ್ಕ ಕೊಡಿಸುತ್ತಾರೆ. ನಿದ್ದೆ ಬರುತ್ತಿಲ್ಲ, ಬ್ರೇಕಪ್ ಆಗಿದೆ, ಪರೀಕ್ಷೆಯ ಭಯ, ಬದುಕೇ ಬೇಡ ಅನ್ನಿಸುತ್ತಿದೆ, ಯಾವುದಕ್ಕಾದರೂ ಕರೆ ಮಾಡಬಹುದು. ಇಲ್ಲಿ ಮೂರು ನಿಮಿಷದ ಗಡುವು ಇಲ್ಲ, ಮಧ್ಯೆ ಜಾಹೀರಾತೂ ಬರುವುದಿಲ್ಲ.